ತಂಡ ಯಾರದು, ನಾಯಕನಾರು? ಮುಂಬಯಿಯ ಕೋಮುವಾರು ಕ್ರಿಕೆಟ್ಟಿನ ಆಡಳಿತ: ಒಂದು ಸಮೀಕ್ಷೆ

ಕೆಲವು ವರ್ಷಗಳ ಕೆಳಗೆ ನಮ್ಮೂರಿನ ಯುವಕರು ಬೇಸಗೆಯಲ್ಲೊಂದು ವಾಲಿಬಾಲ್ ಪಂದ್ಯಾವಳಿಯನ್ನು ನಡೆಸಬೇಕೆಂದು ಸಂಕಲ್ಪಿಸಿ, ಅದರ ನಿಯಮಾವಳಿಯನ್ನು ಬರೆದುಕೊಡುವ ಕೆಲಸವನ್ನು, ನಾಲ್ಕಕ್ಷರ ಬಲ್ಲವನೆಂಬ ಒಂದೇ ಅರ್ಹತೆಯ ಮೇಲೆ, ನನಗೆ ಒಪ್ಪಿಸಿದ್ದರು. ಬಲೆಯ ಎತ್ತರ, ಪ್ರವೇಶಶುಲ್ಕ, ಬಹುಮಾನದ ಮೊತ್ತ ಇವೆಲ್ಲ ಅರ್ಧ ಗಂಟೆಯಲ್ಲಿ ತೀರ್ಮಾನವಾದವು. ಆದರೆ ‘ಆಡುವವರು ಆಯಾ ಊರಿನವರಾಗಿರತಕ್ಕದ್ದು’ ಎಂಬ ಒಂದು ವಾಕ್ಯ ಮೂರು ಸಂಜೆಗಳನ್ನು ನುಂಗಿತು. ಸೋದರಮಾವನ ಮನೆಯಲ್ಲಿ ಓದಲು ಬಂದು ನಿಂತ ಹುಡುಗ ಊರಿನವನೋ ಅಲ್ಲವೋ? ಬೆಂಗಳೂರು ಸೇರಿ ಹತ್ತು ವರ್ಷವಾಗಿಯೂ ರೇಷನ್ ಕಾರ್ಡಿನಲ್ಲಿ ಮಾತ್ರ ಇಲ್ಲಿಯೇ ಉಳಿದವನು? ನಾಯಕನ ವಿಷಯದಲ್ಲಾದರೋ ಚರ್ಚೆಯೇ ನಡೆಯಲಿಲ್ಲ. ಪಟೇಲರ ಮೊಮ್ಮಗನ ಹೆಸರನ್ನು ಯಾರೂ ಸೂಚಿಸದೆಯೇ ಎಲ್ಲರೂ ಅನುಮೋದಿಸಿಬಿಟ್ಟಿದ್ದರು. ನಾನೂ ಲೇಖನಿ ಎತ್ತಲಿಲ್ಲ.

ಸಮುದಾಯಗಳು ತಮ್ಮ ಹೆಸರಿನಲ್ಲಿ ನಡೆಸುವ ಆಟಗಳಿಗೆಲ್ಲ ಈ ಎರಡು ಪ್ರಶ್ನೆಗಳು ಅಂಟಿಕೊಂಡೇ ಬರುತ್ತವೆ: ನಮ್ಮವರೆಂದರೆ ಯಾರು, ನಮ್ಮ ಮುಂದಾಳು ಯಾರು? ಮೊದಲನೆಯದಕ್ಕೆ ಉತ್ತರವನ್ನು ಕಾಗದದ ಮೇಲೆ ಬರೆಯುತ್ತಾರೆ. ಎರಡನೆಯದಕ್ಕೆ ಬಹುಮಟ್ಟಿಗೆ ಬರೆಯುವುದಿಲ್ಲ. ಈ ದೇಶದಲ್ಲಿ ಇವೆರಡೂ ಅರ್ಧ ಶತಮಾನಕ್ಕೂ ಮಿಕ್ಕಿ, ಸಹಸ್ರಾರು ಪ್ರೇಕ್ಷಕರ ಕಣ್ಣೆದುರಿಗೆ, ರಾಜಕೀಯದ ಬಿಸಿಲಿನಲ್ಲಿ ಚರ್ಚೆಗೊಳಗಾದದ್ದು ಮುಂಬಯಿಯ ಕೋಮುವಾರು ಕ್ರಿಕೆಟ್ ಪಂದ್ಯಾವಳಿಯಲ್ಲಿ. 1892ರಲ್ಲಿ ಐರೋಪ್ಯರಿಗೂ ಪಾರ್ಸಿಗಳಿಗೂ ನಡುವಣ ಪ್ರೆಸಿಡೆನ್ಸಿ ಪಂದ್ಯವಾಗಿ ಆರಂಭಗೊಂಡು, 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನವಾಗಿ, 1912ರಲ್ಲಿ ಮುಸಲ್ಮಾನರು ಬಂದು ಚತುಷ್ಕೋನವಾಗಿ, 1937ರಲ್ಲಿ ‘ಇತರರು’ ಎಂಬ ಐದನೆಯ ತಂಡವನ್ನೂ ಒಳಗೊಂಡು ಪಂಚಕೋನವಾಗಿ, 1946ರಲ್ಲಿ ಕಣ್ಮುಚ್ಚಿದ ಆ ಪಂದ್ಯಾವಳಿ ಒಳ್ಳೆಯದೋ ಕೆಟ್ಟದೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಕುದುರೆಗೊರಸು ಮತ್ತು ಮೈದಾನ

ಆಡಳಿತದ ಕಥೆ ನೆಲದಿಂದ ಮೊದಲಾಗುತ್ತದೆ. ಪಾರ್ಸಿ ಹುಡುಗರು ಸೈನಿಕರ ಆಟವನ್ನು ನೋಡಿ ಕಲಿತು, 1848ರಲ್ಲಿಯೇ ಓರಿಯೆಂಟಲ್ ಕ್ರಿಕೆಟ್ ಕ್ಲಬ್ಬನ್ನು ಕಟ್ಟಿಕೊಂಡು, ಕೋಟೆಯ ಮುಂದಣ ಬಯಲಿನಲ್ಲಿ ಆಡುತ್ತಿದ್ದರು. ಅದೇ ಬಯಲಿನಲ್ಲಿ ಐರೋಪ್ಯರಿಗೆ ಪೋಲೋ ಆಡುವ ಹವ್ಯಾಸ ಬಂದಿತು. ಮಳೆಗಾಲದ ಮೆತ್ತನೆಯ ನೆಲದ ಮೇಲೆ ಕುದುರೆಗಳು ವಾರಕ್ಕೆರಡು ದಿನ ಓಡಿದರೆ ಉಳಿದ ದಿನಗಳಲ್ಲಿ ಅಲ್ಲಿ ಚೆಂಡು ಪುಟಿಯುವುದು ದೈವೇಚ್ಛೆಗೆ ಬಿಟ್ಟ ಮಾತು. ಗೊರಸಿನ ಗುಂಡಿಯೊಂದರ ಅಂಚಿಗೆ ಬಡಿದ ಚೆಂಡು ದಾಂಡಿಗನ ಮೊಣಕಾಲಿಗೂ ಹಾರಬಹುದು, ಗದ್ದಕ್ಕೂ ಹಾರಬಹುದು. ಆ ಕಾಲದಲ್ಲಿ ದೇಶೀಯ ಆಟಗಾರರು ಸರ್ಕಾರಕ್ಕೆ ಬರೆದುಕೊಂಡ ಅರ್ಜಿಗಳೂ ಅವಕ್ಕೆ ದೊರೆತ ನಯವಾದ ನಿರಾಕರಣೆಗಳೂ ಒಂದು ಸಣ್ಣ ಪುಸ್ತಕಕ್ಕಾಗುವಷ್ಟಿದ್ದವು. ಶಾಪೂರ್ಜಿ ಸೊರಾಬ್ಜಿ ಎಂಬ ಪಾರ್ಸಿ ಮಹಾಶಯರು 1897ರಲ್ಲಿ ಆ ಪುಸ್ತಕವನ್ನು ನಿಜವಾಗಿಯೂ ಬರೆದರು.

ಈ ತಕರಾರಿಗೆ ಸರ್ಕಾರ ಕಂಡುಕೊಂಡ ಪರಿಹಾರವೇ ಮುಂದಿನ ಎಲ್ಲ ವಿವಾದದ ಬೀಜ. ಬಯಲು ಎಲ್ಲರದು ಎಂಬ ತತ್ತ್ವವನ್ನು ಸಾರುವ ಬದಲು, ಕಡಲಂಚಿನ ನೆಲದಲ್ಲಿ ಕೋಮಿಗೊಂದರಂತೆ ಜಾಗವನ್ನು ಹಂಚಿಕೊಟ್ಟರು. ಪಾರ್ಸಿಗಳಿಗೊಂದು, ಮುಸಲ್ಮಾನರಿಗೊಂದು, ಹಿಂದೂಗಳಿಗೊಂದು ಜಿಮ್ಖಾನ ಸಾಲಾಗಿ ಎದ್ದು ನಿಂತವು. 1890ರಿಂದ 1895ರ ತನಕ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಹ್ಯಾರಿಸ್ ಸ್ವತಃ ಇಂಗ್ಲೆಂಡಿನ ತಂಡದ ನಾಯಕನಾಗಿದ್ದವನು. ಪ್ರಜೆಗಳನ್ನು ಕೋಮುಗಳಾಗಿ ಕಾಣುವುದು ಅವನಿಗೂ ಅವನ ಸರ್ಕಾರಕ್ಕೂ ಉಸಿರಾಟದಷ್ಟು ಸಹಜವಾಗಿತ್ತು. ಆದರೆ ದೋಷವನ್ನೆಲ್ಲ ದೊರೆಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಅದಕ್ಕೂ ಮೊದಲೇ ಮುಂಬಯಿಯ ಹಿಂದೂಗಳು ಗೌಡ ಸಾರಸ್ವತ ಕ್ರಿಕೆಟ್ ಕ್ಲಬ್ಬು, ಕ್ಷತ್ರಿಯ ಕ್ರಿಕೆಟ್ ಕ್ಲಬ್ಬು, ಮರಾಠಾ ಕ್ಲಬ್ಬು, ಗುಜರಾತಿ ಯೂನಿಯನ್ನು ಎಂದು ತಮ್ಮ ತಮ್ಮಲ್ಲಿಯೇ ಬೇಲಿ ಹಾಕಿಕೊಂಡಿದ್ದರು. ಪರಮಾನಂದದಾಸ ಜೀವನದಾಸರ ಮನೆತನದ ದಾನದಿಂದ ಎದ್ದು ಆ ವರ್ತಕರ ಹೆಸರನ್ನೇ ಹೊತ್ತ ಹಿಂದೂ ಜಿಮ್ಖಾನ, ಒಂದು ದೃಷ್ಟಿಯಿಂದ, ಆ ಬೇಲಿಗಳನ್ನು ಕಿತ್ತು ಹೊರಗೊಂದು ದೊಡ್ಡ ಬೇಲಿಯನ್ನು ಹಾಕಿದ ಪ್ರಯತ್ನವಾಗಿತ್ತು.

ಇಲ್ಲಿ ಆಡಳಿತದ ಸೂತ್ರ ಸರಳ. ನೆಲ ಜಿಮ್ಖಾನದ್ದು, ಜಿಮ್ಖಾನ ಚಂದಾದಾರರದು, ಚಂದಾದಾರರು ಆರಿಸಿದ ಸಮಿತಿಯೇ ತಂಡವನ್ನೂ ನಾಯಕನನ್ನೂ ಆರಿಸತಕ್ಕದ್ದು. ಚಂದಾ ಕೊಡಬಲ್ಲವರು ವಕೀಲರು, ವರ್ತಕರು, ಸರ್ಕಾರಿ ಹುದ್ದೆಯವರು. ಆಡಬಲ್ಲವರು ಅವರೇ ಆಗಿರಬೇಕೆಂದಿರಲಿಲ್ಲ.

ಕುಡಿಕೆಯಲ್ಲಿ ಕೊಟ್ಟ ಚಹಾ

ಈ ಬಿರುಕನ್ನು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲವಂಕರ ಬಾಲೂ. ಕೊಂಕಣದ ಪಾಲವಣ ಗ್ರಾಮದ ಮೂಲದ ಚಮ್ಮಾರ ಕುಟುಂಬ ಅವರದು; ತಂದೆಗೆ ಸೈನ್ಯದಲ್ಲಿ ಕೆಲಸ. ಪುಣೆಯಲ್ಲಿ ಬೆಳೆದ ಬಾಲೂ ಐರೋಪ್ಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ನೆಲಕ್ಕೆ ರೋಲರು ಎಳೆಯುತ್ತಿದ್ದರು, ಬಲೆ ಕಟ್ಟುತ್ತಿದ್ದರು, ಬಿಳಿ ಗೆರೆ ಹಾಕುತ್ತಿದ್ದರು, ಅಭ್ಯಾಸಕ್ಕೆ ಬಂದ ದೊರೆಗಳಿಗೆ ಗಂಟೆಗಟ್ಟಲೆ ಎಡಗೈಯಿಂದ ಚೆಂಡೆಸೆಯುತ್ತಿದ್ದರು. ತನ್ನನ್ನು ಒಮ್ಮೆ ಔಟು ಮಾಡಿದರೆ ಎಂಟಾಣೆ ಎಂದು ಗ್ರೇಗ್ ಎಂಬ ಪ್ರಸಿದ್ಧ ದಾಂಡಿಗ ಪಣ ಕಟ್ಟಿದ್ದನೆಂಬ ಪ್ರತೀತಿಯುಂಟು. ಚೆಂಡು ಎಸೆಯುವುದಕ್ಕೆ ಕರೆಯುವವರು ಬ್ಯಾಟು ಕೊಡುವುದಕ್ಕೆ ಕರೆಯಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಈ ಎಸೆತಗಾರ ಬೇಕಾದರು. ಬೇಕು ಎಂಬುದಕ್ಕೂ ಬರಮಾಡಿಕೊಳ್ಳುವುದಕ್ಕೂ ಇರುವ ಅಂತರ ಆಟದ ನಡುವಣ ವಿರಾಮದಲ್ಲಿ ಬಯಲಾಗುತ್ತಿತ್ತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು; ಚಹಾದ ಹೊತ್ತಿಗೆ ಇತರರಿಗೆ ಒಳಗೆ ಪಿಂಗಾಣಿ ಬಟ್ಟಲು, ಅವರಿಗೆ ಹೊರಗೆ ಬಿಸಾಡಬಹುದಾದ ಮಣ್ಣಿನ ಕುಡಿಕೆ. ಚೆಂಡು ತೊಗಲಿನದು ಎಂಬ ವಿಚಾರ ಆ ಧರ್ಮಜ್ಞರಿಗೆ ಹೊಳೆದಂತೆ ಕಾಣುವುದಿಲ್ಲ.

1906ರ ಫೆಬ್ರವರಿಯಲ್ಲಿ ಹಿಂದೂಗಳು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದಾಗ ಬಾಲೂ ಮತ್ತು ಅವರ ತಮ್ಮ ಶಿವರಾಮ ಇಬ್ಬರೂ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಸೋಲಿನ ಮೇಲೆ ಸೋಲು ಕಂಡು ಬಂದರೂ, ಬಾಲೂ 114 ವಿಕೆಟ್ಟುಗಳನ್ನು ಕಿತ್ತು ಬಂದರು. ಇಷ್ಟಾದ ಮೇಲೆ ಹಿಂದೂ ತಂಡಕ್ಕೆ ಅವರು ನಾಯಕರಾಗಬಾರದೇಕೆ ಎಂಬ ಪ್ರಶ್ನೆ ವರ್ಷವರ್ಷವೂ ಎದ್ದಿತು. ವರ್ಷವರ್ಷವೂ ಸಮಿತಿ ಬ್ರಾಹ್ಮಣ ನಾಯಕನನ್ನೇ ಆರಿಸಿತು. ಅಸ್ಪೃಶ್ಯನು ನಾಯಕನಾಗಕೂಡದೆಂದು ಯಾವ ನಿಯಮಾವಳಿಯಲ್ಲಿಯೂ ಬರೆದಿರಲಿಲ್ಲ. ಬರೆದಿದ್ದರೆ ಅದನ್ನು ತಿದ್ದಬೇಕೆಂದು ಯಾರಾದರೂ ನಿರ್ಣಯ ಮಂಡಿಸಬಹುದಾಗಿತ್ತು.

1920ರಲ್ಲಿ ಈ ಅಸಮಾಧಾನ ಬಿರಿಯಿತು. ಮುಸಲ್ಮಾನರೆದುರಿನ ಪಂದ್ಯಕ್ಕೆ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ನಿಯುಕ್ತ ನಾಯಕ ಎಂ. ಡಿ. ಪೈ ಅಸ್ವಸ್ಥರಾದಾಗ ನಾಯಕತ್ವ ಬಾಲೂ ಅವರ ತಮ್ಮಂದಿರ ಪೈಕಿ ಯಾರಿಗೂ ಬಾರದೆ, ತಂಡದ ಇನ್ನೊಬ್ಬ ಆಟಗಾರ ದೇವಧರರಿಗೆ ಹೋಯಿತು. ಶಿವರಾಮ ಮತ್ತು ವಿಠ್ಠಲ ಸೋದರರು ತಂಡದಿಂದ ಹೊರನಡೆದು, ತಮಗಾದದ್ದು ಆಟದ ಕಾರಣದಿಂದಲ್ಲ, ಜಾತಿಯ ಕಾರಣದಿಂದ ಎಂದು ಪತ್ರಿಕೆಗಳ ಮೂಲಕ ಸಾರಿದರು. ಅಸಹಕಾರದ ಮಾತು ದೇಶದ ಗಾಳಿಯಲ್ಲೆಲ್ಲ ತುಂಬಿದ್ದ ಆ ವರ್ಷ, ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿ ಎತ್ತಿದ್ದ ದನಿಯೂ ಜನರ ಕಿವಿಯಲ್ಲಿದ್ದಾಗ, ಸಮಿತಿಗೆ ಸುಮ್ಮನಿರುವುದು ಅಸಾಧ್ಯವಾಯಿತು. ಪಾರ್ಸಿಗಳೆದುರಿನ ಅಂತಿಮ ಪಂದ್ಯಕ್ಕೆ ಸೋದರರು ಮರಳಿದರು; ಬಾಲೂ ಉಪನಾಯಕರಾದರು; ಆಟದ ನಡುವೆ ಪೈ ಅವರು ಮೈದಾನವನ್ನು ಬಿಟ್ಟು ಹೊರಗೆ ಹೋಗಿ, ಅಷ್ಟು ಹೊತ್ತು ತಂಡವನ್ನು ಬಾಲೂ ನಡೆಸುವಂತೆ ಮಾಡಿದರು. 1923ರಲ್ಲಿ ವಿಠ್ಠಲರೇ ನಾಯಕರಾದರು, ಹಿಂದೂಗಳು ಐರೋಪ್ಯರನ್ನು ಸೋಲಿಸಿದರು, ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಸ್ನೇಹವೇ, ದ್ವೇಷವೇ?

ಪಂದ್ಯಾವಳಿಯ ಸಮರ್ಥಕರ ವಾದವೆಂದರೆ, ಕೋಮುಗಳು ಹೇಗಿದ್ದರೂ ಇವೆ. ಅವು ಬೀದಿಯಲ್ಲಿ ಎದುರಾಗುವುದಕ್ಕಿಂತ ಬಯಲಿನಲ್ಲಿ, ಅಂಪೈರರ ಬೆರಳಿಗೆ ತಲೆಬಾಗುತ್ತಾ, ಎದುರಾಗುವುದು ಲೇಸು. ಹ್ಯಾರಿಸನಂಥ ಆಡಳಿತಗಾರರೂ ಫ್ರಾಮ್ಜಿ ಪಟೇಲರಂಥ ಪಾರ್ಸಿ ಮುಖಂಡರೂ ಹೀಗೆ ನಂಬಿದ್ದರು. ಇದನ್ನು ಕೇವಲ ರಾಜಭಕ್ತಿಯೆಂದು ತಳ್ಳಿಹಾಕಲಾಗದು. 1944ರಲ್ಲಿ ಹಿಂದೂಗಳೆದುರಿನ ಅಂತಿಮ ಪಂದ್ಯದಲ್ಲಿ ಗೆಲುವಿಗೆ 298 ಓಟಗಳು ಬೇಕಾಗಿದ್ದಾಗ ಕೆ. ಸಿ. ಇಬ್ರಾಹಿಂ 137 ಓಟ ಹೊಡೆದು ಔಟಾಗದೆ ಉಳಿದು, ಒಂದೇ ವಿಕೆಟ್ಟಿನ ಅಂತರದಲ್ಲಿ ಮುಸಲ್ಮಾನರಿಗೆ ಜಯ ತಂದರು. ದೇಶವಿಭಜನೆಯ ಮಾತು ಎಲ್ಲರ ಬಾಯಲ್ಲಿದ್ದ ಆ ದಿನಗಳಲ್ಲಿ ಹಿಂದೂಗಳೇ ಹೆಚ್ಚಾಗಿದ್ದ ನೆರೆದ ಜನ ಆ ಗೆಲುವಿಗೆ ಚಪ್ಪಾಳೆ ತಟ್ಟಿತೆಂದು ಆಡಿದವರೇ ನೆನೆದಿದ್ದಾರೆ.

ವಿರೋಧಿಗಳ ಪಕ್ಷ ತಡವಾಗಿ ಬಲಗೊಂಡಿತು. ಕಾನೂನುಭಂಗ ಚಳವಳಿಯ ಕಾರಣ 1930ರಿಂದ ನಾಲ್ಕು ವರ್ಷ ಪಂದ್ಯಾವಳಿ ನಡೆದಿರಲಿಲ್ಲ. ಮರಳಿ ನಡೆದಾಗ ದೇಶ ಬದಲಾಗಿತ್ತು. 1940ರ ಡಿಸೆಂಬರಿನಲ್ಲಿ ಹಿಂದೂ ಜಿಮ್ಖಾನದ ಪ್ರತಿನಿಧಿಗಳು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರ ಅಭಿಪ್ರಾಯವನ್ನು ಬೇಡಿದರು. ಕಾಲೇಜು ಕಾಲೇಜುಗಳ ನಡುವೆ, ಸಂಸ್ಥೆ ಸಂಸ್ಥೆಗಳ ನಡುವೆ ಆಡುವುದು ತಮಗೆ ಅರ್ಥವಾಗುತ್ತದೆ, ಹಿಂದೂ ಮುಸಲ್ಮಾನ ಪಾರ್ಸಿ ಎಂದು ತಂಡ ಕಟ್ಟುವುದರ ಹುರುಳು ಮಾತ್ರ ಅರ್ಥವಾಗದು ಎಂಬರ್ಥದ ಉತ್ತರ ಬಂದಿತು. ಆ ವರ್ಷ ಹಿಂದೂಗಳು ಆಡಲಿಲ್ಲ. ಮರುವರ್ಷ ಆಡಿದರು. ಮಹಾತ್ಮರ ಮಾತಿಗಿಂತ ಟಿಕೆಟ್ಟಿನ ಆಕರ್ಷಣೆ ಒಂದು ವರ್ಷ ಹೆಚ್ಚು ಬಾಳಿತೆಂದು ವ್ಯಂಗ್ಯವಾಡುವವರನ್ನು ತಡೆಯುವುದು ಕಷ್ಟ.

ಹಣದ ಕಡೆಯಿಂದ ನೋಡುವವರದು ಮೂರನೆಯ ಪಂಥ. 1934ರಲ್ಲಿ ಪ್ರಾಂತವಾರು ರಣಜಿ ಟ್ರೋಫಿ ಆರಂಭವಾದರೂ ಜನ ಅದಕ್ಕೆ ಓಗೊಡಲಿಲ್ಲ. ಮುಂಬಯಿಯ ಪಂಚಕೋನಕ್ಕಾದರೋ ಮೈದಾನ ಕಿಕ್ಕಿರಿಯುತ್ತಿತ್ತು. 1928ರಲ್ಲಿ ಹುಟ್ಟಿದ ಕ್ರಿಕೆಟ್ ನಿಯಂತ್ರಣ ಮಂಡಳಿಗೆ ತನ್ನ ಅಂಗಳದಲ್ಲಿಯೇ ತನಗಿಂತ ಶ್ರೀಮಂತವಾದ ಪಂದ್ಯಾವಳಿಯನ್ನು ಕಂಡು ಕಸಿವಿಸಿ. ನಿಷೇಧದ ಕೂಗಿನ ಹಿಂದೆ ತತ್ತ್ವಕ್ಕಿಂತ ಈ ಪೈಪೋಟಿಯೇ ಪ್ರಬಲವಾಗಿತ್ತೆಂದು ಇತಿಹಾಸಕಾರ ಬೋರಿಯಾ ಮಜುಂದಾರರು ವಾದಿಸಿದ್ದಾರೆ. ಪಾಲವಂಕರ ಸೋದರರ ಕಥೆಯನ್ನು ಮರವೆಯಿಂದ ಎತ್ತಿ ತಂದ ರಾಮಚಂದ್ರ ಗುಹಾ ಅವರಾದರೋ 2002ರ ತಮ್ಮ ಗ್ರಂಥದಲ್ಲಿ ಜಾತಿ, ಕೋಮು, ರಾಷ್ಟ್ರೀಯತೆಗಳ ಎಳೆಗಳನ್ನೇ ಮುಖ್ಯವಾಗಿ ಹಿಡಿದರು. ನನಗೆ ಗುಹಾ ಅವರ ದಾರಿಯೇ ಹೆಚ್ಚು ದೂರ ಕರೆದೊಯ್ಯುವಂತೆ ತೋರುತ್ತದೆ. ಆದರೂ 1937ರಲ್ಲಿ ಹೊಸ ಬ್ರೇಬೋರ್ನ್ ಕ್ರೀಡಾಂಗಣದಲ್ಲಿ ತಮಗೆ ಹಂಚಿದ ಆಸನಗಳು ಸಾಲವೆಂಬ ಕಾರಣಕ್ಕೆ ಹಿಂದೂ ಜಿಮ್ಖಾನ ಪಂದ್ಯಾವಳಿಯನ್ನೇ ಬಹಿಷ್ಕರಿಸಿದ್ದನ್ನು ನೆನೆದಾಗ ಮಜುಂದಾರರಿಗೂ ಒಂದು ಕುರ್ಚಿ ಹಾಕಲೇಬೇಕಾಗುತ್ತದೆ.

‘ಇತರರು’ ಎಂಬ ಹೆಸರನ್ನು ಕುರಿತು ಎರಡು ಮಾತು. ಕ್ರೈಸ್ತರು, ಆಂಗ್ಲೋ-ಇಂಡಿಯನ್ನರು, ಯೆಹೂದ್ಯರು ಹೀಗೆ ಯಾವ ಪೆಟ್ಟಿಗೆಯಲ್ಲಿಯೂ ಹಿಡಿಸದವರನ್ನೆಲ್ಲ ಒಂದೆಡೆ ಕೂಡಿಹಾಕಿದ ತಂಡ ಅದು. ನಿಯಮ ರಚಿಸುವವರ ಆಯಾಸ ಆ ಹೆಸರಿನಲ್ಲಿಯೇ ಇದೆ. 1943ರಲ್ಲಿ ಹಿಂದೂಗಳು 5 ವಿಕೆಟ್ಟಿಗೆ 581 ಓಟ ಕೂಡಿಸಿ ಡಿಕ್ಲೇರ್ ಮಾಡಿದಾಗ, ಆ ತಂಡದ ವಿಜಯ ಹಜಾರೆ ಎರಡನೆಯ ಸರದಿಯಲ್ಲಿ ತಂಡದ 387 ಓಟಗಳಲ್ಲಿ 309ನ್ನು ತಾವೊಬ್ಬರೇ ಹೊಡೆದರು. ಅವರ ಸೋದರ ವಿವೇಕ ಹಜಾರೆ ಇನ್ನೊಂದು ತುದಿಯಲ್ಲಿ ಗಂಟೆಗಟ್ಟಲೆ ನಿಂತು ಹೊಡೆದದ್ದು 21.

ಅರಸುಗಳ ನಾಯಕತ್ವ, ಅನ್ಯದೇಶಗಳ ಮೇಲ್ಪಂಕ್ತಿ

ನಾಯಕತ್ವ ಯೋಗ್ಯತೆಯಿಂದ ಬರಬೇಕೆಂಬುದು ಇಂದು ಮಕ್ಕಳೂ ಒಪ್ಪುವ ಮಾತು. ಅಂದು ಅದು ಕ್ರಾಂತಿಯ ಮಾತು. 1932ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡಕ್ಕೆ ಪೋರಬಂದರಿನ ಮಹಾರಾಜರು ನಾಯಕರು. ಅವರು ತಮ್ಮ ಆಟದ ಮಿತಿಯನ್ನು ಬಲ್ಲ ವಿವೇಕಿಗಳಾಗಿದ್ದುದರಿಂದ ಟೆಸ್ಟ್ ಪಂದ್ಯದ ಹೊತ್ತಿಗೆ ತಾವಾಗಿಯೇ ಸರಿದು ಸಿ. ಕೆ. ನಾಯುಡು ಅವರಿಗೆ ಎಡೆಮಾಡಿಕೊಟ್ಟರು. 1936ರಲ್ಲಿ ನಾಯಕರಾದ ವಿಜಯನಗರಂನ ಮಹಾರಾಜಕುಮಾರರಿಗೆ ಆ ವಿವೇಕವಿರಲಿಲ್ಲ. ಒಳ್ಳೆಯ ಲಯದಲ್ಲಿದ್ದ ಲಾಲಾ ಅಮರನಾಥರನ್ನು ಅವರ ಕಾಲದಲ್ಲಿ ಪ್ರವಾಸದ ನಡುವೆಯೇ ಊರಿಗೆ ಕಳುಹಿಸಲಾಯಿತು.

ಇದು ನಮ್ಮೊಬ್ಬರ ವ್ಯಾಧಿಯಲ್ಲ. ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ ತಮ್ಮ ಯೌವನದ ಕ್ಲಬ್ಬುಗಳನ್ನು ಕುರಿತು ಬರೆಯುತ್ತಾ, ಅಲ್ಲಿ ಮೈಬಣ್ಣದ ಒಂದೊಂದು ಛಾಯೆಗೂ ಒಂದೊಂದು ಕ್ಲಬ್ಬಿದ್ದುದನ್ನು ತೋರಿಸಿದ್ದಾರೆ: ಬಿಳಿಯ ಸಿರಿವಂತರಿಗೆ ಕ್ವೀನ್ಸ್ ಪಾರ್ಕ್, ಕಂದುಬಣ್ಣದ ಮಧ್ಯಮವರ್ಗಕ್ಕೆ ಮೇಪಲ್, ಕಪ್ಪು ಕೆಳಮಧ್ಯಮವರ್ಗಕ್ಕೆ ಶ್ಯಾನನ್. ಸ್ವತಃ ಕಪ್ಪುವರ್ಣದವರಾದ ಜೇಮ್ಸರು ಶ್ಯಾನನ್ ಬಿಟ್ಟು ಮೇಪಲ್ ಸೇರಿದ್ದಕ್ಕಾಗಿ ಬಾಳಿನುದ್ದಕ್ಕೂ ಪಶ್ಚಾತ್ತಾಪಪಟ್ಟರು. ವೆಸ್ಟ್ ಇಂಡೀಸಿಗೆ ಕಪ್ಪು ನಾಯಕನೇಕೆ ಬೇಡವೆಂದು ಅವರು ಪತ್ರಿಕೆಯಲ್ಲಿ ಹೂಡಿದ ಹೋರಾಟದ ನಂತರ, 1960ರಲ್ಲಿ ಫ್ರಾಂಕ್ ವೊರೆಲ್ ಆಸ್ಟ್ರೇಲಿಯದೆದುರಿನ ಇಡೀ ಸರಣಿಗೆ ನಾಯಕರಾದರು. ಅಲ್ಲಿಯೂ ತಡೆದದ್ದು ಬರೆಯದ ನಿಯಮವೇ.

ಬರೆದ ನಿಯಮದಿಂದ ಹೊರಗಿಡುವ ದಾರಿಯನ್ನು ಹಿಡಿದವರು ಐರಿಷರು. 1884ರಲ್ಲಿ ಸ್ಥಾಪನೆಯಾದ ಅವರ ಗೇಲಿಕ್ ಕ್ರೀಡಾಸಂಘ ‘ಪರದೇಶೀ’ ಆಟಗಳನ್ನು ಆಡುವವರನ್ನೂ ನೋಡುವವರನ್ನೂ ಸಂಘದಿಂದ ಬಹಿಷ್ಕರಿಸುತ್ತಿತ್ತು. 1938ರಲ್ಲಿ ಫುಟ್‌ಬಾಲ್ ಪಂದ್ಯವೊಂದನ್ನು ನೋಡಲು ಹೋದರೆಂದು ರಾಷ್ಟ್ರಾಧ್ಯಕ್ಷ ಡಗ್ಲಸ್ ಹೈಡರನ್ನೇ ಪೋಷಕಪದವಿಯಿಂದ ತೆಗೆದುಹಾಕಿತು. ಕ್ರೂರವಾದರೂ ಆ ನಿಯಮ ಕಣ್ಣಿಗೆ ಕಾಣುತ್ತಿತ್ತು. 1971ರಲ್ಲಿ ಸದಸ್ಯರು ಅದನ್ನು ರದ್ದುಗೊಳಿಸಿದರು.

ಕೊಡಗಿನ ಒಕ್ಕಗಳು

ಸಮುದಾಯದ ಹೆಸರಿನ ಆಟವೆಲ್ಲ ಜಗಳದಲ್ಲೇ ಮುಗಿಯಬೇಕಾಗಿಲ್ಲವೆನ್ನುವವರು ಕೊಡಗಿನತ್ತ ಕೈತೋರಿಸುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಮನೆತನಗಳೊಡನೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿನ ಹೊತ್ತಿಗೆ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆಯನ್ನು ಸೇರಿತು. ಇಲ್ಲಿ ತಂಡವೆಂದರೆ ಒಂದು ಒಕ್ಕ. ಮನೆತನದ ಹೆಸರೇ ಪ್ರವೇಶಪತ್ರ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿದು ಓಡುವುದನ್ನು ಇಲ್ಲಿ ನೋಡಬಹುದು. ಆಡಳಿತದ ದೃಷ್ಟಿಯಿಂದ ಇದರ ಜಾಣ್ಮೆಯಿರುವುದು ಆತಿಥ್ಯದ ಸರದಿಯಲ್ಲಿ. ಪ್ರತಿವರ್ಷ ಒಂದೊಂದು ಮನೆತನ ಪಂದ್ಯಾವಳಿಯ ಹೊಣೆ ಹೊರುತ್ತದೆ, ಕಪ್ಪಿಗೆ ಅದರದೇ ಹೆಸರು, ಖರ್ಚೂ ಕೀರ್ತಿಯೂ ಅದರದೇ. ಮುಂದಿನ ವರ್ಷಕ್ಕೆ ಧ್ವಜ ಬೇರೆಯವರ ಕೈಗೆ. ಯಾವ ಸಮಿತಿಯೂ ಕುರ್ಚಿಗೆ ಬೇರುಬಿಡುವಷ್ಟು ಕಾಲ ಒಂದೇ ಅಂಗಳದಲ್ಲಿ ಕುಳಿತಿರುವಂತಿಲ್ಲ.

ಆದರೂ ಒಕ್ಕದ ಹೆಸರಿಲ್ಲದವನಿಗೆ ಆ ಮೈದಾನದಲ್ಲಿ ಸ್ಥಳವೆಲ್ಲಿ? ಜಿಲ್ಲೆಯ ಇತರ ಸಮುದಾಯಗಳು ತಮ್ಮ ತಮ್ಮ ಪಂದ್ಯಾವಳಿಗಳನ್ನು ಕಟ್ಟಿಕೊಂಡಿವೆ. ಇದನ್ನು ಸಮೃದ್ಧಿಯೆಂದು ಎಣಿಸುವವರೂ ಇದ್ದಾರೆ, ಕಡಲಂಚಿನ ಸಾಲು ಜಿಮ್ಖಾನಗಳನ್ನು ನೆನೆಯುವವರೂ ಇರಬಹುದು. ಒಂದು ವ್ಯತ್ಯಾಸವನ್ನು ಮರೆಯಬಾರದು: ಮುಂಬಯಿಯಲ್ಲಿ ಕೋಮು ಕೋಮಿನೆದುರು ಆಡುತ್ತಿತ್ತು, ಇಲ್ಲಿ ನೆಂಟರು ನೆಂಟರೆದುರು ಆಡುತ್ತಾರೆ.

ಇತ್ಯರ್ಥವಾಗದೆ ಉಳಿದವು

ಕೋಮುವಾರು ಪಂದ್ಯಗಳು ದ್ವೇಷವನ್ನು ಬೆಳೆಸಿದವೋ ಕರಗಿಸಿದವೋ ಎಂಬುದಕ್ಕೆ 1944ರ ಚಪ್ಪಾಳೆಯೊಂದೇ ಸಾಕ್ಷಿಯಾಗಲಾರದು. ಒಳ್ಳೆಯ ಪಂದ್ಯಕ್ಕೆ ತಟ್ಟಿದ ಕೈ ಮನೆಗೆ ಹೋದ ಮೇಲೆ ಏನು ಮಾಡಿತೆಂಬುದನ್ನು ಯಾವ ವರದಿಗಾರನೂ ಹಿಂಬಾಲಿಸಿ ಹೋಗಲಿಲ್ಲ. 1946ರಲ್ಲಿ ಮಂಡಳಿ ಪಂದ್ಯಾವಳಿಯನ್ನು ನಿಲ್ಲಿಸಿದ್ದು ಆತ್ಮಸಾಕ್ಷಿಯಿಂದಲೋ ಅಸೂಯೆಯಿಂದಲೋ ಎಂಬ ವಿವಾದದಲ್ಲಿ ಎರಡೂ ಕಡೆ ಆಧಾರಗಳಿವೆ. ಬಹುಶಃ ಎರಡೂ ಒಂದೇ ಸಭೆಯಲ್ಲಿ ಅಕ್ಕಪಕ್ಕ ಕುಳಿತಿದ್ದಿರಬೇಕು. ಚಂದಾ ಕೊಟ್ಟವನು ಆಳಬೇಕೋ, ಚೆಂಡು ಎಸೆದವನು ಆಳಬೇಕೋ, ಸರ್ಕಾರದ ಶಾಸನ ಆಳಬೇಕೋ ಎಂಬುದು ಇನ್ನೂ ಹಳೆಯ ಗಂಟು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಕ್ರಿಕೆಟ್ ಆಡಳಿತದ ಸುಧಾರಣೆಗೆಂದು ನೇಮಿಸಿದ್ದ ಲೋಧಾ ಸಮಿತಿಯ ಶಿಫಾರಸುಗಳನ್ನು ಒಪ್ಪಿ, ಎಪ್ಪತ್ತು ಮೀರಿದವರೂ ಮಂತ್ರಿಗಳೂ ಕ್ರಿಕೆಟ್ ಮಂಡಳಿಯ ಅಧಿಕಾರದಲ್ಲಿರಕೂಡದೆಂದು ವಿಧಿಸಿದ್ದೂ, ಅನಂತರದ ವರ್ಷಗಳಲ್ಲಿ ಆ ಕಟ್ಟಳೆಗಳಲ್ಲಿ ಕೆಲವನ್ನು ತಾನೇ ಸಡಿಲಿಸಿದ್ದೂ ಅದರ ಇತ್ತೀಚಿನ ಎಳೆಗಳು.

ಎಲ್ಲಕ್ಕಿಂತ ನನ್ನನ್ನು ಕಾಡುವುದು 1920ರ ಆ ಕೆಲವು ಗಳಿಗೆಗಳು. ಸಮಿತಿ ಬಾಲೂ ಅವರನ್ನು ಮರಳಿ ಕರೆದದ್ದು ಮನಸ್ಸು ಬದಲಾಗಿಯೋ, ಪಾರ್ಸಿಗಳ ಭಯದಿಂದಲೋ? ಪೈ ಅವರು ಹೊರಗೆ ಹೋದದ್ದು ಪ್ರಾಯಶ್ಚಿತ್ತವೋ, ಸೌಜನ್ಯವೋ, ಸಮಿತಿಗೆ ಅರಿವಾಗದಂತೆ ಸಮಿತಿಯ ನಿಯಮವನ್ನು ಮುರಿದ ಜಾಣತನವೋ? ಪಾಲವಂಕರ ಬಾಲೂ ಹಿಂದೂ ತಂಡದ ನಾಯಕರಾಗಿದ್ದರೇ ಎಂದು ಯಾರಾದರೂ ಕೇಳಿದರೆ, ನಾಯಕರ ಪಟ್ಟಿಯನ್ನು ಕೈಯಲ್ಲಿ ಹಿಡಿದವರು ಇಲ್ಲವೆನ್ನುತ್ತಾರೆ. ಅಂದು ಮೈದಾನದಲ್ಲಿ ಅವರು ಕೈಬೀಸಿದ ಕಡೆಗೆ ಸರಿದು ನಿಂತ ಹತ್ತು ಮಂದಿಯನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ.